ಬಣ್ಣ ಕೊನೆಗೆ ನೋಡು: ಅಡವಿ ಹೂ ಗುರುತಿಸುವವರಿಗೆ ಕಿವಿಮಾತು

ತಂಗಿ, ಈ ಮಳೆಗಾಲದಿಂದ ಶಾಲೆಯ ಮಕ್ಕಳ ಕೈಯಲ್ಲಿ ಅಡವಿ ಹೂಗಳ ವಹಿಯೊಂದನ್ನು ಬರೆಸಬೇಕು ಅಂತ ನೀನು ಹೇಳಿದ್ದು ಕೇಳಿ ನನಗೆ ಬಹಳ ಹಿಗ್ಗಾಯಿತು. ಬಾದಾಮಿ ಸೀಮೆಗೆ ಬರುವವರು ಗುಹೆ ನೋಡುತ್ತಾರೆ, ಪಟ್ಟದಕಲ್ಲು ನೋಡುತ್ತಾರೆ, ಬನಶಂಕರಿಗೆ ಕಾಯಿ ಒಡೆಸಿ ಹೋಗುತ್ತಾರೆ. ಅದೇ ಕೆಂಪು ಮರಳುಗಲ್ಲಿನ ಸೀಳಿನಲ್ಲಿ ಬೇರಿಳಿಸಿ ಬದುಕುವ ಗಿಡದ ಹೆಸರು ಕೇಳುವವರು ಕಡಿಮೆ. ಈ ಕಡೆಯ ಶಾಲೆಗಳಲ್ಲೇ ಕಲಿಸುತ್ತ, ಶಿವಯೋಗ ಮಂದಿರದ ಹೊಳೆದಂಡೆಯಿಂದ ಮಹಾಕೂಟದ ಗುಡ್ಡದವರೆಗಿನ ಕಾಲುದಾರಿಗಳಲ್ಲೇ ವಯಸ್ಸು ಕಳೆದವನು ನಾನು. ಗೊತ್ತಿದ್ದದ್ದನ್ನು ಬರೆದುಕೊಡುತ್ತೇನೆ. ಎಲ್ಲಕ್ಕೂ ಮೊದಲು ಒಂದು ಮಾತು ಮನಸ್ಸಿನಲ್ಲಿಟ್ಟುಕೋ: ಹೂವಿನ ಬಣ್ಣ ಕೊನೆಗೆ ನೋಡು. ನೆಲ, ಕಾಲ, ಹೊತ್ತು, ಕಾಂಡ, ಎಲೆ, ಕಾಯಿ, ಇವೆಲ್ಲ ತಮ್ಮ ಸಾಕ್ಷಿ ಹೇಳಿದ ಮೇಲೆ ಬಣ್ಣವನ್ನು ಕೇಳು.

• ಒಂದೇ ಜಾಗ ಹಿಡಿ. ಮಲಪ್ರಭೆಯ ದಂಡೆಯಿಂದ ಹೊರಟು, ಹೊಲದ ಒಡ್ಡು ಹಿಡಿದು, ಗುಡ್ಡದ ಬುಡ ಮುಟ್ಟುವ ಒಂದು ದಾರಿ ಸಾಕು. ಇವತ್ತು ಸಿಡಿಲಪಡಿ, ನಾಳೆ ಐಹೊಳೆ ಅಂತ ಊರೂರು ತಿರುಗಿದರೆ ಮಕ್ಕಳಿಗೆ ನೂರು ಹೂವಿನ ಮುಖ ಕಾಣುತ್ತದೆ, ಒಂದು ಗಿಡದ ಪರಿಚಯವೂ ಆಗುವುದಿಲ್ಲ. ಅದೇ ಗಿಡವನ್ನು ಮೊಳಕೆಯಲ್ಲಿ, ಮೊಗ್ಗಿನಲ್ಲಿ, ಹೂವಿನಲ್ಲಿ, ಒಣಗಿದ ಕಡ್ಡಿಯಲ್ಲಿ ನೋಡಿದವನಿಗೆ ಮಾತ್ರ ಅದು ಹೂವಿಲ್ಲದ ಕಾಲದಲ್ಲೂ ಸಿಕ್ಕೀತು. ಗುರುತು ಹಿಡಿಯುವುದು ಅಂದರೆ ಅದೇ.

• ಕಾಲಿನಡಿಯ ನೆಲವನ್ನು ಮೊದಲು ಬರೆ. ಎರಿ ಹೊಲವೋ, ಮಸಾರಿಯೋ, ಬಂಡೆಯ ಮೇಲಿನ ಗೇಣು ಮಣ್ಣೋ, ಹಳ್ಳದ ಉಸುಕೋ? ಬಿಳಿ ಗುಲಾಬಿ ತೆನೆಯ ಅಣ್ಣೆಸೊಪ್ಪು ಜೋಳದ ಹೊಲದಲ್ಲಿ ತಲೆಯೆತ್ತುತ್ತದೆ, ಬೋಳು ಬಂಡೆಯ ಮೇಲೆ ಹುಡುಕಿದರೆ ಸಿಗದು. ಕೊಗ್ಗಿ, ತಂಗಡಿ ಮಸಾರಿಯಲ್ಲಿ, ದಾರಿ ಬದಿಯ ಗರಸಿನಲ್ಲಿ ಆರಾಮ ಇರುತ್ತವೆ. ಬಂದರಿ ಗಿಡ ಗುಡ್ಡದ ಇಳಿಜಾರಿನದು. ಹುಲಿಗೆಮ್ಮನ ಕೊಳ್ಳದಂಥ ನೆರಳಿನ ತಾಣದಲ್ಲಿ ನೀರು ಜಿನುಗುವ ಕಡೆ ಬೇರೆಯದೇ ಸಂಸಾರ. ಇನ್ನೊಂದು ಮಾತು: ಇಳಕಲ್ಲಿನ ಕಡೆ ಕಲ್ಲೇ ಬೇರೆ, ಅಲ್ಲಿ ಗ್ರಾನೈಟ್. ನಮ್ಮ ಮರಳುಗಲ್ಲಿನ ಗುಡ್ಡದಲ್ಲಿ ಮಾಡಿದ ಪಟ್ಟಿಯನ್ನು ಆ ಕಡೆಯ ಶಾಲೆಯವರು ಹಾಗೇ ನಕಲು ಮಾಡಿಕೊಳ್ಳಬಾರದು. ಅವರ ಗುಡ್ಡ ಅವರು ಹತ್ತಲಿ.

• ತಿಂಗಳ ಲೆಕ್ಕದ ಜೊತೆ ಮಳೆಯ ಲೆಕ್ಕವನ್ನೂ ಇಡು. ಬಾಗಲಕೋಟೆ ಜಿಲ್ಲೆಯ ವರ್ಷದ ಸರಾಸರಿ ಮಳೆ 600 ಮಿ.ಮೀ. ಒಳಗೇ. ಅದರಲ್ಲಿ ದೊಡ್ಡ ಪಾಲು ಬೀಳುವುದು ಸೆಪ್ಟೆಂಬರ್, ಅಕ್ಟೋಬರಿನಲ್ಲಿ. ಮಲೆನಾಡಿನವರು ಜೂನ್‌ನಲ್ಲೇ ಹಸಿರು ಅನ್ನುತ್ತಾರೆ, ನಮಗೆ ಮಿರಗದ ಮಳೆ ಬರೀ ಮೊಳಕೆ ಎಬ್ಬಿಸುತ್ತದೆ. ಉತ್ತರಿ, ಹಸ್ತ, ಚಿತ್ತಿ ಬಿದ್ದ ಮೇಲೆ ಗುಡ್ಡ ತುಂಬಿಕೊಳ್ಳುತ್ತದೆ. ಮಕ್ಕಳನ್ನು ದೊಡ್ಡ ಸುತ್ತಿಗೆ ಕರೆದೊಯ್ಯುವುದಾದರೆ ಮಹಾನವಮಿಯಿಂದ ದೀಪಾವಳಿಯ ನಡುವಿನ ದಿನಗಳನ್ನು ಬಿಡಬೇಡ. ಬನದ ಹುಣ್ಣಿಮೆಗೆ ಬನಶಂಕರಿ ಜಾತ್ರೆ ಕೂಡುವ ಹೊತ್ತಿಗೆ ನೆಲದ ಸಣ್ಣ ಗಿಡಗಳು ಬಹುತೇಕ ಒಣಗಿ ಬೀಜವಾಗಿರುತ್ತವೆ. ಆಗ ಹೂ ಸಿಗಲಿಲ್ಲ ಅಂತ ಬೇಸರ ಬೇಡ, ಅದು ಕಾಯಿ ನೋಡುವ ಕಾಲ.

• ಗಡಿಯಾರವನ್ನೂ ನೋಡು. ವಿಷ್ಣುಕ್ರಾಂತಿ ಮುಂಜಾನೆ ಅರಳಿ ಮಧ್ಯಾಹ್ನಕ್ಕೆ ಮುಚ್ಚಿಕೊಳ್ಳುತ್ತದೆ. ಕನ್ನೆಸೊಪ್ಪಿನ ನೀಲಿ ಹೂವೂ ಹಾಗೇ, ಬಿಸಿಲೇರಿದರೆ ಕರಗಿ ನೀರಾದಂತೆ ಮುದುಡುತ್ತದೆ. ಶಾಲೆ ಬಿಟ್ಟ ಮೇಲೆ ನಾಲ್ಕಕ್ಕೆ ಹೊರಟರೆ ಇವೆರಡೂ ಕಾಣುವುದಿಲ್ಲ. ಆದರೆ ತುತ್ತಿ ಅರಳುವುದೇ ಇಳಿಹೊತ್ತಿನಲ್ಲಿ, ಬೆಳಿಗ್ಗೆ ಹೋದವರಿಗೆ ಅದರ ಮೊಗ್ಗು ಇಲ್ಲವೇ ಬಾಡಿದ ಹೂ ಮಾತ್ರ. ಹೀಗಾಗಿ ಅದೇ ದಾರಿಗೆ ಒಮ್ಮೆ ಬೆಳಿಗ್ಗೆ, ಒಮ್ಮೆ ಸಂಜೆ ಹೋಗಬೇಕು. ವಹಿಯಲ್ಲಿ ತಾರೀಖಿನ ಪಕ್ಕ ಹೊತ್ತನ್ನೂ ಬರೆಸು.

• ಹಳದಿ ಹೂ ಕಂಡಾಗ ಹೆಚ್ಚು ಎಚ್ಚರ ಬೇಕು. ಈ ಒಣಸೀಮೆಯಲ್ಲಿ ಹಳದಿಗೆ ಬರವಿಲ್ಲ, ಅದಕ್ಕೇ ಬಣ್ಣ ಕೊನೆಗೆ ಅಂದದ್ದು. ತಂಗಡಿಯಿಂದ ಶುರು ಮಾಡು. ಸೊಂಟದೆತ್ತರದ, ಕೆಲವು ಕಡೆ ಆಳೆತ್ತರದ ಪೊದೆ. ಹೂವನ್ನು ಬಿಟ್ಟು ಎಲೆಯ ಬುಡಕ್ಕೆ ಕಣ್ಣು ಹಾಯಿಸು: ಎಲೆದಂಟು ಕಾಂಡಕ್ಕೆ ಕೂಡುವಲ್ಲಿ ಕಿವಿಯಾಕಾರದ ಎರಡು ಅಗಲ ಪಕಳೆ ಇರುತ್ತವೆ. ಇದರ ವೈಜ್ಞಾನಿಕ ಹೆಸರು ಸೆನ್ನಾ ಆರಿಕ್ಯುಲಾಟಾ ಆದದ್ದು ಈ ಕಿವಿಗಳಿಂದಲೇ. ಆಮೇಲೆ ದಂಟಿನುದ್ದಕ್ಕೂ ಜೋಡಿ ಜೋಡಿ ಕಿರುಎಲೆಗಳ ನಡುವೆ ಕಡ್ಡಿಯಂತೆ ನಿಂತ ಸಣ್ಣ ಗ್ರಂಥಿ ಹುಡುಕು, ಪ್ರತಿ ಜೋಡಿಗೂ ಒಂದಿದೆ. ಕಾಯಿ ಚಪ್ಪಟೆ, ತೆಳು, ಒಣಗಿದರೆ ಕಾಗದದಂತೆ. ಇಷ್ಟು ಕಂಡರೆ ಹೂ ಇಲ್ಲದಿದ್ದರೂ ಅದು ತಂಗಡಿಯೇ. ಹಿಂದೆ ಚರ್ಮ ಹದಮಾಡುವವರು ಇದರ ತೊಗಟೆಯನ್ನೇ ನಂಬಿದ್ದರು. ಹೊಲದ ಬದಿಯಲ್ಲಿ ಇದರ ಬಳಗದವೇ ಆದ ತಗಸಿ ಮತ್ತು ಅಮೆರಿಕ ಖಂಡದಿಂದ ಬಂದ ಬೇರೆ ಸೆನ್ನಾಗಳು ಬೆಳೆಯುತ್ತವೆ. ಹೂವಿನ ಬಣ್ಣ ಹೆಚ್ಚುಕಡಿಮೆ ಒಂದೇ, ಆ ಅಗಲವಾದ ಕಿವಿ ಮಾತ್ರ ಅವುಗಳಿಗಿಲ್ಲ.

• ಹಳದಿಯ ಮಾತು ಇನ್ನೂ ಇದೆ. ನೆಗ್ಗಿಲು ಮತ್ತು ಆನೆನೆಗ್ಗಿಲು ಹೆಸರಿನಲ್ಲಿ ಅಣ್ಣತಮ್ಮ, ಕುಲದಲ್ಲಿ ಬೇರೆ ಬೇರೆ. ನೆಗ್ಗಿಲು ನೆಲಕ್ಕೆ ಅಂಟಿ ಹಬ್ಬುತ್ತದೆ, ಎಲೆ ಸಣ್ಣ ಸಣ್ಣ ಜೋಡಿಗಳದ್ದು, ಹೂ ಐದು ಬಿಡಿ ಎಸಳಿನದು, ಕಾಯಿ ಒಣಗಿದಾಗ ಐದು ಮುಳ್ಳಿನ ಹೋಳಾಗಿ ಒಡೆಯುತ್ತದೆ. ಚಪ್ಪಲಿಗೆ, ಸೈಕಲ್ಲಿನ ಟೈರಿಗೆ ಚುಚ್ಚುವುದು ಇದೇ. ಆನೆನೆಗ್ಗಿಲು ದಪ್ಪ ರಸಭರಿತ ಗಿಡ, ಎಲೆ ಬಿಡಿ, ಹೂ ಕೊಳವೆಯಾಕಾರದ್ದು, ಕಾಯಿಗೆ ನಾಲ್ಕು ಮೂಲೆ, ಬುಡದಲ್ಲಿ ಮುಳ್ಳು. ಅದರ ಹಸಿ ಕೊನೆಯನ್ನು ಒಂದು ಲೋಟ ನೀರಿನಲ್ಲಿ ತಿರುವಿಸು, ನೀರು ಲೋಳೆಯಾಗಿ ಎಳೆ ಎಳೆಯಾಗುತ್ತದೆ. ಈ ಪರೀಕ್ಷೆಯನ್ನು ಮಕ್ಕಳೆದುರು ಒಂದು ಸಲ ಮಾಡಿ ತೋರಿಸು, ಅವರು ಆ ಗಿಡವನ್ನು ಜನ್ಮದಲ್ಲಿ ಮರೆಯುವುದಿಲ್ಲ. ನಾಯಿಸಾಸಿವೆಗೆ ನಾಲ್ಕೇ ಎಸಳು, ಮುಟ್ಟಿದರೆ ಬೆರಳಿಗೆ ಅಂಟು, ಮೂಗಿಗೆ ಘಾಟು. ತುತ್ತಿಗೆ ಐದು ಎಸಳು, ಎಲೆ ಮೆತ್ತಗೆ ಹೃದಯಾಕಾರ, ಕಾಯಿ ಚಕ್ರದಂತೆ ಸುತ್ತಲೂ ಹಲ್ಲು ಹಲ್ಲು. ನಡುವೆ ಕೇಸರಗಳೆಲ್ಲ ಒಂದು ಕಂಬವಾಗಿ ಕೂಡಿದ್ದರೆ ಅದು ದಾಸವಾಳದ, ಬೆಂಡೆಯ ಬಳಗ ಅಂತ ತಿಳಿ.

• ಎಲೆ ಹೇಗೆ ಹರಿಯುತ್ತದೆ ಅಂತಲೂ ನೋಡಬೇಕು. ಕೊಗ್ಗಿಯ ಒಂದು ಕಿರುಎಲೆಯನ್ನು ತುದಿ ಹಿಡಿದು ಮೆಲ್ಲಗೆ ಎಳೆ. ಅಡ್ಡಕ್ಕೆ ನೇರವಾಗಿ ಹರಿಯುವುದಿಲ್ಲ, ನರಗಳ ಗುಂಟ ಬಾಣದ ಮೊನೆಯಂತೆ ಓರೆಯಾಗಿ ಹರಿಯುತ್ತದೆ. ನೇರಳೆ-ಗುಲಾಬಿ ಬಣ್ಣದ, ಅವರೆಯ ಜಾತಿಯ ಹೂ ಬಿಡುವ ಸಣ್ಣ ಗಿಡಗಳು ಈ ನೆಲದಲ್ಲಿ ಹಲವಿವೆ. ನೀಲಿ ಗಿಡದ ಬಳಗವೂ ಅಲ್ಲಿಯೇ ಬೆರೆತಿರುತ್ತದೆ. ಆ ಗೊಂದಲದಲ್ಲಿ ಕೊಗ್ಗಿಯನ್ನು ಬೇರೆ ಮಾಡಲು ಇಷ್ಟು ಸುಲಭದ ದಾರಿ ಇನ್ನೊಂದಿಲ್ಲ.

• ಕಾಂಡವನ್ನು ಬೆರಳ ನಡುವೆ ಹಿಡಿದು ಹೊಸೆ. ನಾಲ್ಕು ಮೂಲೆ ಹತ್ತಿದರೆ, ಎಲೆ ಎದುರುಬದುರಾಗಿದ್ದರೆ, ಹೂವಿಗೆ ಮೇಲೊಂದು ಕೆಳಗೊಂದು ತುಟಿ ಇದ್ದರೆ ತುಳಸಿಯ ಬಳಗ ಇರಬಹುದು ಅನ್ನುವ ಗುಮಾನಿಯಿಂದ ಮುಂದೆ ಹೋಗು.

• ತುಂಬೆಯನ್ನು ಭೂತಗನ್ನಡಿಯಲ್ಲಿ ತೋರಿಸು. ಹತ್ತು ಪಟ್ಟು ದೊಡ್ಡದು ಮಾಡುವ ಸಣ್ಣ ಮಸೂರ ಒಂದು ಶಾಲೆಗೆ ಒಂದಿದ್ದರೂ ಸಾಕು. ಮಸೂರವನ್ನು ಕಣ್ಣಿಗೆ ಒತ್ತಿ ಹಿಡಿದು, ಹೂವನ್ನೇ ಹತ್ತಿರ ತರಬೇಕು. ಮಕ್ಕಳು ಇದನ್ನು ಉಲ್ಟಾ ಮಾಡುತ್ತಾರೆ. ಬೆರಳ ಉಗುರಿನಷ್ಟೂ ಇಲ್ಲದ ಆ ಬಿಳಿ ಹೂವಿನಲ್ಲಿ ಮೇಲ್ದುಟಿ ಸಣ್ಣ ಟೊಪ್ಪಿಗೆಯಾಗಿ ಬಾಗಿ, ಬಿಳಿ ರೋಮ ಹೊದ್ದು ಕೇಸರಗಳನ್ನು ಮುಚ್ಚಿಕೊಂಡಿರುತ್ತದೆ. ಕೆಳದುಟಿ ಅಗಲವಾಗಿ ಚಾಚಿ ಜೇನಿಗೆ ಇಳಿಯಲು ಜಾಗ ಕೊಡುತ್ತದೆ. ಹೂ ಉದುರಿದ ಮೇಲೆ ಉಳಿಯುವ ಹಸಿರು ಬಟ್ಟಲಿನ ಬಾಯಿ ನೋಡು. ಅದು ಸಮನಾಗಿಲ್ಲ, ಓರೆ, ಅಂಚಿಗೆ ಸಣ್ಣ ಹಲ್ಲು. ತುಂಬೆಯಲ್ಲೂ ಹಲವು ಜಾತಿಗಳಿದ್ದು ಈ ಬಟ್ಟಲಿನ ಬಾಯಿಯೇ ಒಂದನ್ನು ಇನ್ನೊಂದರಿಂದ ಬೇರೆ ಮಾಡುತ್ತದೆ. ಇದನ್ನು ನೋಡಿದ ಮಗು ಮುಂದೆ ಎಲ್ಲ ಹೂವಿನ ಹಿಂಬದಿಯನ್ನೂ ತಿರುಗಿಸಿ ನೋಡುವ ಅಭ್ಯಾಸ ಹಚ್ಚಿಕೊಳ್ಳುತ್ತದೆ.

• ಎಕ್ಕೆಯಲ್ಲಿ ಎರಡಿವೆ. ಎರಡೂ ನಮ್ಮ ಸೀಮೆಯವೇ. ಎಸಳು ಅಗಲಕ್ಕೆ ಬಿಚ್ಚಿ ಹಿಂದಕ್ಕೆ ಬಾಗಿದ್ದರೆ, ಮೊಗ್ಗು ತುಸು ಉದ್ದಗಿದ್ದರೆ ಅದು ದೊಡ್ಡ ಎಕ್ಕೆ. ನಸುನೇರಳೆ ಬಣ್ಣದ್ದು ಹೆಚ್ಚು, ಬಿಳಿಯದೂ ಉಂಟು. ಎಸಳು ಬಟ್ಟಲಿನಂತೆ ನೆಟ್ಟಗೆ ನಿಂತು, ತುದಿಗೆ ಮಾತ್ರ ಗಾಢ ನೇರಳೆ ಇದ್ದು, ಮೊಗ್ಗು ದುಂಡಗಿದ್ದರೆ ಅದು ಇನ್ನೊಂದು ಜಾತಿ. ಪೂಜೆಗೆ ಕೊಯ್ಯುವವರಿಗೆ ಎರಡೂ ಒಂದೇ, ವಹಿಯಲ್ಲಿ ಮಾತ್ರ ಎರಡು ಪುಟ ಕೊಡಬೇಕು. ಇದರ ಹಾಲು ಕಣ್ಣಿಗೆ ಬಿದ್ದರೆ ಅಪಾಯ. ಮಕ್ಕಳ ಕೈಯಲ್ಲಿ ಮುರಿಸಬೇಡ, ನೀನೇ ಮುರಿದು ತೋರಿಸಿ ಕೈ ತೊಳೆದುಕೋ.

• ಇಲ್ಲಿಯದು ಯಾವುದು, ಹೊರಗಿನಿಂದ ಬಂದದ್ದು ಯಾವುದು ಅಂತ ವಹಿಯಲ್ಲಿ ಬೇರೆ ಬೇರೆ ಮಾಡು. ಇದು ಕಷ್ಟದ ಕೆಲಸ. ನಮ್ಮಜ್ಜ-ಮುತ್ತಜ್ಜರ ಕಾಲದಿಂದ ಕಂಡ ಗಿಡ ಹೊರಗಿನದು ಅಂದರೆ ಊರವರು ನಂಬುವುದಿಲ್ಲ. ದಾರಿ ಬದಿಯಲ್ಲಿ ಹಳದಿ ಹಾಲು ಸುರಿಸುವ ಮುಳ್ಳಿನ ದತ್ತೂರಿ ಮೆಕ್ಸಿಕೊ ಕಡೆಯದು. ಅದರ ಬೀಜ ಸಾಸಿವೆಯಂತೆ ಕಾಣುತ್ತದೆ, ಸಾಸಿವೆ ಎಣ್ಣೆಯಲ್ಲಿ ಅದು ಬೆರೆತು 1998ರಲ್ಲಿ ದಿಲ್ಲಿಯಲ್ಲಿ ಜನ ಸತ್ತಿದ್ದಾರೆ. ಗಾಯಕ್ಕೆ ಹಿಂಡುವ ಗಬ್ಬುಶಾವಂತಿ, ಚೆಂದದ ಗುಲಾಬಿ ಹೂ ಬಿಟ್ಟು ಆಮೇಲೆ ಎರಡು ಕೊಕ್ಕಿನ ಕರಿ ಕಾಯಿ ಕೊಡುವ ಹುಲಿಯುಗುರು, ಬೇಲಿಯ ಕತ್ತಾಳೆ, ಪಾಪಾಸುಕಳ್ಳಿ, ಬಳ್ಳಾರಿ ಜಾಲಿ, ತೋಟದ ಅಂದಕ್ಕೆಂದು ತಂದು ಗುಡ್ಡಕ್ಕೆ ಹಬ್ಬಿದ ಲಂಟಾನ, ಇವೆಲ್ಲ ಅಮೆರಿಕ ಖಂಡದಿಂದ ಬಂದವೇ. ಕಾಂಗ್ರೆಸ್ ಕಸವಂತೂ ನನ್ನ ಕಣ್ಣೆದುರೇ ಹಬ್ಬಿದ್ದು. 1950ರ ದಶಕದಲ್ಲಿ ಪುಣೆಯ ಕಡೆ ಕಾಣಿಸಿಕೊಂಡದ್ದು ದೇಶವನ್ನೇ ತುಂಬಿತು. ಅದನ್ನು ಬರಿಗೈಯಲ್ಲಿ ಮುಟ್ಟಿಸಬೇಡ, ತುರಿಕೆ, ಉಬ್ಬಸ ಬರುತ್ತದೆ.

ಹೊರಗಿನವು ಅಂತ ಅವುಗಳನ್ನು ಬೈಯುವುದನ್ನು ಮಕ್ಕಳಿಗೆ ಕಲಿಸಬೇಕಿಲ್ಲ. ಆದರೆ ಲಂಟಾನ ಹೊಕ್ಕ ಜಾಗದಲ್ಲಿ ಕೆಳಗೆ ಏನೇನು ಉಳಿದಿದೆ ಅಂತ ಬಗ್ಗಿ ನೋಡಿಸು. ಪಕ್ಕದ ಬಯಲಿನಲ್ಲಿ ಅಷ್ಟೇ ಅಗಲದ ಜಾಗ ಅಳೆದು ಅಲ್ಲಿಯದನ್ನೂ ಎಣಿಸಲಿ. ಎರಡು ಸಂಖ್ಯೆ ಪಕ್ಕಪಕ್ಕ ಬರೆದರೆ ಪಾಠ ಆಯಿತು.

• ರೈತ ಕಸ ಅಂದದ್ದೆಲ್ಲ ಹೊರಗಿನದಲ್ಲ. ಜೋಳದ ಹೊಲದಲ್ಲಿ ಗೇಣೆತ್ತರಕ್ಕೆ ನಿಂತು ಪುಟ್ಟ ಬಿಳಿ ಹೂ ಬಿಡುವ ಸ್ಟ್ರೈಗಾ ಈ ಭಾಗದ್ದೇ ಗಿಡ. ನೋಡಲು ಬಡಪಾಯಿ, ನೆಲದಡಿಯಲ್ಲಿ ಜೋಳದ ಬೇರಿಗೆ ತನ್ನ ಬೇರು ಚುಚ್ಚಿ ರಸ ಹೀರುತ್ತದೆ. ಜೋಳದ ಬೇರು ಮಣ್ಣಿಗೆ ಬಿಡುವ ಒಂದು ರಾಸಾಯನಿಕದ ಸುಳಿವು ಹಿಡಿದೇ ಅದರ ಬೀಜ ಮೊಳೆಯುತ್ತದೆ. ಆ ರಾಸಾಯನಿಕಗಳ ಗುಂಪಿಗೆ ವಿಜ್ಞಾನಿಗಳು ಸ್ಟ್ರೈಗೊಲ್ಯಾಕ್ಟೋನ್ ಅಂತ ಈ ಕಸದ ಹೆಸರನ್ನೇ ಇಟ್ಟಿದ್ದಾರೆ. ಹೊಲದ ಯಜಮಾನರನ್ನು ಕೇಳಿ ಒಂದು ಗಿಡವನ್ನು ಮಣ್ಣಿನ ಹೆಂಟೆಯ ಸಮೇತ ಎತ್ತಿ ನೀರಿನಲ್ಲಿ ಮೆಲ್ಲಗೆ ತೊಳೆ, ಎರಡು ಬೇರು ಕೂಡಿದ ಜಾಗ ಕಣ್ಣಿಗೇ ಕಾಣುತ್ತದೆ. ಹಾಗೇ ಕನ್ನೆಸೊಪ್ಪನ್ನು ಕಿತ್ತಾಗ ಮಣ್ಣೊಳಗಿನ ಭಾಗ ಬಿಡದೆ ನೋಡು. ಮೇಲೆ ನೀಲಿ ಹೂ ಬಿಡುವ ಆ ಗಿಡ ನೆಲದೊಳಗೂ ಬಿಳಿಚಿದ, ಅರಳದ ಹೂಗಳನ್ನು ಕಟ್ಟಿ ಅಲ್ಲಿಯೇ ಬೀಜ ಮಾಡುತ್ತದೆ.

• ವಿಷ್ಣುಕ್ರಾಂತಿ ಮತ್ತು ಶಂಖಪುಷ್ಪ ಬೇರೆ ಬೇರೆ. ಔಷಧದ ಹೆಸರು ಹೇಳುವಾಗ ಜನ ಇವೆರಡನ್ನೂ ಒಂದೇ ಹೆಸರಿನಲ್ಲಿ ಕರೆಯುವುದುಂಟು. ವಿಷ್ಣುಕ್ರಾಂತಿ ನೆಲ ಹಿಡಿದು ಹರಡುವ ರೇಷ್ಮೆ ರೋಮದ ಸಣ್ಣ ಗಿಡ, ಹೂ ದುಂಡಗೆ ಚಪ್ಪಟೆ, ಅಗಲ ಒಂದು ಸೆಂಟಿಮೀಟರಿಗೂ ಕಡಿಮೆ. ಶಂಖಪುಷ್ಪ ಬೇಲಿಗೆ ಹಬ್ಬುವ ಬಳ್ಳಿ, ಹೂ ದೊಡ್ಡದು, ಕಾಯಿ ಅವರೆಯಂತೆ. ಊರೂರಿಗೆ ಹೆಸರು ಬದಲಾಗುವುದರಿಂದ ಊರ ಹೆಸರಿನ ಪಕ್ಕ ವೈಜ್ಞಾನಿಕ ಹೆಸರನ್ನೂ ಕನ್ನಡ ಅಕ್ಷರದಲ್ಲೇ ಬರೆಸು. ಎವಾಲ್ವ್ಯುಲಸ್ ಅನ್ನಲು ನಮ್ಮ ಮಕ್ಕಳಿಗೆ ಏನೂ ಕಷ್ಟವಿಲ್ಲ.

• ಬಾಯಿಗೆ ಹಾಕುವ ಪರೀಕ್ಷೆ ಬೇಡವೇ ಬೇಡ. ಕಾರಿ, ಕವಳಿ, ಬಾರಿ ಹಣ್ಣು ತಿಂದು ಬೆಳೆದ ಮಕ್ಕಳಿಗೆ ಅಡವಿಯದೆಲ್ಲ ತಿನ್ನುವಂಥದ್ದು ಅನ್ನಿಸುವುದು ಸಹಜ. ಮಳೆಗಾಲದ ಬೇಲಿಯಲ್ಲಿ ಎಲ್ಲರ ಕಣ್ಣು ಸೆಳೆಯುವ ಅಗ್ನಿಶಿಖೆಯ ಗಡ್ಡೆಯಲ್ಲಿ ಕಾಲ್ಚಿಸಿನ್ ಅನ್ನುವ ಕಡು ವಿಷವಿದೆ. ಗುರುತು ಸುಲಭ: ಎಲೆಯ ತುದಿಯೇ ಸುರುಳಿಯಾಗಿ ಆಸರೆಗೆ ಸುತ್ತಿಕೊಳ್ಳುತ್ತದೆ, ಆರು ಎಸಳು ಅಲೆ ಅಲೆಯಾಗಿ ಹಿಂದಕ್ಕೆ ಮಡಚುತ್ತವೆ, ಹಸಿರಿನಿಂದ ಹಳದಿ, ಹಳದಿಯಿಂದ ಕೆಂಪಿಗೆ ತಿರುಗುತ್ತವೆ. ಒಂದೇ ಗಿಡದಲ್ಲಿ ಮೂರು ಬಣ್ಣ ಕಂಡು ಮೂರು ಹೂ ಅಂತ ಬರೆದವರಿದ್ದಾರೆ. ತಮಿಳುನಾಡಿಗೆ ಇದು ರಾಜ್ಯದ ಹೂ, ಆಫ್ರಿಕದ ಜಿಂಬಾಬ್ವೆಗೆ ರಾಷ್ಟ್ರದ ಹೂ. ಗುಲಗಂಜಿಯ ಬೀಜ, ಮದಗುಣಕಿ, ಕಣಗಿಲು, ಅಡವಿ ಉಳ್ಳಾಗಡ್ಡಿ ಇವೂ ವಿಷವೇ. ಈ ಐದನ್ನು ಮೊದಲ ದಿನವೇ ತೋರಿಸು.

• ಹೂವೆಂದು ಕಂಡದ್ದೆಲ್ಲ ಹೂವಲ್ಲ. ಗುಡ್ಡದ ಬಂದರಿ ಗಿಡದಲ್ಲಿ ಗೊಂಚಲು ಗೊಂಚಲಾಗಿ ಕೆಂಪೇರುವುದು ರೆಕ್ಕೆಯಿರುವ ಕಾಯಿ. ಅದರ ಹೂವಿಗೆ ಎಸಳೇ ಇಲ್ಲ.

• ಬೇಸಿಗೆಯಲ್ಲಿ ವಹಿ ಮುಚ್ಚಬೇಡ. ಶಿವರಾತ್ರಿಯ ಆಸುಪಾಸು ಎಲೆ ಉದುರಿದ ಮುತ್ತಲ ಕೆಂಡದ ಬಣ್ಣಕ್ಕೆ ತಿರುಗುತ್ತದೆ. ಊಟದ ಪತ್ರಾವಳಿ ಹಚ್ಚುವ ಅದೇ ಮೂರೆಲೆಯ ಮರ ಅಂತ ಮಕ್ಕಳಿಗೆ ಎಲೆಯಿಂದ ಗೊತ್ತಿರುತ್ತದೆ, ಹೂವಿಗೆ ಜೋಡಿಸಲು ನೀನು ನೆರವಾಗು. ಯುಗಾದಿ ದಾಟಿದ ಮೇಲೆ ಕಕ್ಕೆ ಹಳದಿ ಸರ ಇಳಿಬಿಡುತ್ತದೆ, ಕ್ರಿಕೆಟ್ಟಿನ ಕಡ್ಡಿಯಷ್ಟು ಉದ್ದದ ಕರಿ ಕಾಯಿ ಹಳೆಯವು ಅಲ್ಲಿಯೇ ಜೋಲುತ್ತಿರುತ್ತವೆ. ಕಲ್ಲುನೆಲದಲ್ಲಿ ಕಾಂಡದ ಬುಡದಲ್ಲೇ ಮುಳ್ಳಿನ ಉಂಡೆ ಕಟ್ಟಿ, ಅದರೊಳಗಿಂದ ಚುಕ್ಕಿ ಚುಕ್ಕಿಯ ಸಣ್ಣ ಹೂ ಇಣುಕಿಸುವ ಲೆಪಿಡಗ್ಯಾಥಿಸ್ ಅನ್ನುವ ಗಿಡವನ್ನು ಹುಡುಕಲು ಇದೇ ಕಾಲ, ಸುತ್ತಲ ಹುಲ್ಲು ಒಣಗಿರುತ್ತದೆ. ಮೊದಲ ಮಳೆಗೆ ಮುಂಚಿನ ಕಡು ಬಿಸಿಲಿನಲ್ಲಿ ಎಲೆಯೇ ಇಲ್ಲದ ಬೋಳು ನೆಲದಿಂದ ಅಡವಿ ಉಳ್ಳಾಗಡ್ಡಿಯ ಕೋಲು ಎದ್ದು ಸಂಜೆಗೆ ಹೂ ಬಿಡುತ್ತದೆ. ಎಲೆ ಬರುವುದು ಆಮೇಲೆ. ಹೂ ನೋಡಿದವರು ಎಲೆ ನೋಡಿರುವುದಿಲ್ಲ, ಎಲೆ ನೋಡಿದವರು ಹೂ ನೋಡಿರುವುದಿಲ್ಲ. ಆ ಜಾಗಕ್ಕೊಂದು ಕಲ್ಲು ಗುರುತಿಟ್ಟು ಮಳೆಗಾಲದಲ್ಲಿ ಮತ್ತೆ ಹೋಗಬೇಕು.

• ಹುಳವೂ ಗುರುತು ಹೇಳುತ್ತದೆ. ಎಕ್ಕೆಯ ಎಲೆಯ ಮೇಲೆ ಕಪ್ಪು, ಬಿಳಿ, ಹಳದಿ ಪಟ್ಟೆಯ, ಬೆನ್ನಿಗೆ ಮೂರು ಜೋಡಿ ಮೀಸೆಯ ಹುಳ ಕಂಡರೆ ಅದು ಮುಂದೆ ಕಿತ್ತಳೆ ಬಣ್ಣದ ಚಿಟ್ಟೆಯಾಗುತ್ತದೆ. ಪತ್ರಿಗಿಡದ ಎಲೆ ತಿನ್ನುವುದು ಬೇರೆ ಹುಳ, ನಿಂಬೆ ಗಿಡದಲ್ಲೂ ಅದೇ ಸಿಗುತ್ತದೆ, ಏಕೆಂದರೆ ಪತ್ರಿಯೂ ನಿಂಬೆಯೂ ಒಂದೇ ಕುಟುಂಬ. ತಂಗಡಿಯ ಹೂವಿನ ಹತ್ತಿರ ನಿಂತು ಕಿವಿಗೊಡು. ದೊಡ್ಡ ಕರಿದುಂಬಿ ಹೂ ಹಿಡಿದು ಸದ್ದು ಏರಿಸಿ ನಡುಗುತ್ತದೆ. ತಂಗಡಿಯ ಕೇಸರದ ಚೀಲ ತುದಿಯ ಸಣ್ಣ ತೂತಿನಿಂದ ಮಾತ್ರ ಪರಾಗ ಬಿಡುತ್ತದೆ, ಹೀಗೆ ಅಲುಗಿಸದೆ ಅದು ಉದುರುವುದಿಲ್ಲ. ನೆಲಗುಳ್ಳದ ನೇರಳೆ ಹೂವಿನ ಹಳದಿ ಕೇಸರವೂ ಹೀಗೇ, ನಮ್ಮ ಮನೆಯ ಬದನೆಕಾಯಿ ಅದರದೇ ಬಳಗ.

• ಹೆಸರು ಕೇಳುವುದಾದರೆ ಕುರಿ ಕಾಯುವವರನ್ನು ಕೇಳು. ಯಾವ ಗಿಡ ಆಡು ಮುಟ್ಟುತ್ತದೆ, ಯಾವುದು ಮುಟ್ಟುವುದಿಲ್ಲ ಅನ್ನುವುದು ಅವರಿಗೆ ಬಾಯಿಪಾಠ. ಕಳೆ ತೆಗೆಯುವ ಹೆಣ್ಣುಮಕ್ಕಳಿಗೆ ಮೊಳಕೆಯಲ್ಲೇ ಬೆಳೆಗೂ ಕಳೆಗೂ ವ್ಯತ್ಯಾಸ ಗೊತ್ತು. ನಸುಕಿನಲ್ಲಿ ಪೂಜೆಗೆ ಹೂ ಕೊಯ್ಯುವವರಿಗೆ ಯಾವ ಹೂ ಯಾವಾಗ ಅರಳುತ್ತದೆ ಅನ್ನುವ ತಿಳಿವಳಿಕೆ ಇದೆ. ಹಾನಗಲ್ಲ ಕುಮಾರ ಶಿವಯೋಗಿಗಳು 1909ರಲ್ಲಿ ಕಟ್ಟಿದ ಶಿವಯೋಗ ಮಂದಿರದಲ್ಲಿ ಸಾಧಕರ ಇಷ್ಟಲಿಂಗ ಪೂಜೆ ದಿನವೂ ನಡೆಯುತ್ತದೆ. ಪತ್ರಿ, ತುಂಬೆ, ಎಕ್ಕೆ ಅಂದರೆ ಅಲ್ಲಿ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಮಕ್ಕಳು ಕೇಳಿ ಬಂದ ಹೆಸರಿನ ಮುಂದೆ ಯಾವ ಊರಲ್ಲಿ ಕೇಳಿದ್ದು ಅಂತ ಬರೆಯಲಿ.

• ಪುಸ್ತಕದ ನೆರವೂ ಬೇಕು. ಬಾದಾಮಿ ಹಿಂದೆ ಮುಂಬೈ ಪ್ರಾಂತ್ಯದ ವಿಜಾಪುರ ಜಿಲ್ಲೆಗೆ ಸೇರಿದ್ದರಿಂದ, ಥಿಯೋಡೋರ್ ಕುಕ್ ಅವರು 1901ರಿಂದ 1908ರವರೆಗೆ ಹೊರತಂದ ಆ ಪ್ರಾಂತ್ಯದ ಸಸ್ಯಗ್ರಂಥದ ವ್ಯಾಪ್ತಿಯಲ್ಲಿ ನಮ್ಮ ಗುಡ್ಡಗಳೂ ಬರುತ್ತವೆ. ಸೆಸಿಲ್ ಸಲ್ಡಾನಾ ಅವರ ಕರ್ನಾಟಕ ಸಸ್ಯಗ್ರಂಥದ ಮೊದಲ ಸಂಪುಟ 1984ರದು. ಇವು ಇಂಗ್ಲಿಷಿನವು, ಗಟ್ಟಿ ಓದು. ಗಿಡ ನೋಡುವ ಆಸೆ ಹುಟ್ಟಬೇಕಾದರೆ ಬಿ.ಜಿ.ಎಲ್. ಸ್ವಾಮಿಯವರ ಹಸುರು ಹೊನ್ನು ಓದು. ಬಾಗಲಕೋಟೆಯಲ್ಲಿ 2008ರಿಂದ ತೋಟಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯವಿದೆ, ತೀರಾ ತಿಳಿಯದ ಗಿಡದ ಚಿತ್ರ ತೆಗೆದುಕೊಂಡು ಅಲ್ಲಿ ಕೇಳುವುದಕ್ಕೆ ಸಂಕೋಚ ಬೇಡ.

• ಫೋನಿನಲ್ಲಿ ಚಿತ್ರ ತೆಗೆಯುವುದಾದರೆ ಹೂವಿನ ಮುಖ ಒಂದೇ ಬೇಡ. ಇಡೀ ಗಿಡದ ನಿಲುವು, ಎಲೆಯ ಮೇಲ್ಭಾಗ ಮತ್ತು ಕೆಳಭಾಗ, ಎಲೆ ಕಾಂಡಕ್ಕೆ ಕೂಡುವ ಜಾಗ, ಹೂವಿನ ಹಿಂಬದಿ, ಕಾಯಿ, ಇಷ್ಟೂ ಬೇಕು. ಪಕ್ಕದಲ್ಲಿ ಅಳತೆಪಟ್ಟಿ ಇಡು. ಹೂವಿನ ಚಿತ್ರ ನೋಡಿ ಹೆಸರು ಹೇಳುವ ಆ್ಯಪ್‌ಗಳು ಬಂದಿವೆ. ಅವು ಹೇಳಿದ್ದನ್ನು ಪೆನ್ಸಿಲಿನಲ್ಲಿ ಬರೆ, ಎಲೆ ಮತ್ತು ಕಾಯಿ ತಾಳೆಯಾದ ಮೇಲೆ ಪೆನ್ನಿನಲ್ಲಿ ತಿದ್ದು.

• ಕೀಳುವುದಕ್ಕೆ ಮಿತಿ ಇರಲಿ. ಸುತ್ತ ಹಲವು ಗಿಡ ಇದ್ದರೆ ಒಂದು ಕೊಂಬೆ, ಒಂಟಿ ಗಿಡವಾದರೆ ಒಂದು ಎಲೆಯನ್ನೂ ಮುಟ್ಟಬಾರದು. ಗಡ್ಡೆ ಅಗೆಯಲೇಬಾರದು, ಹೂ ಮತ್ತೆ ಬಂದೀತು, ಗಡ್ಡೆ ಹೋದರೆ ಆ ಜಾಗದಲ್ಲಿ ಅದು ಮುಗಿಯಿತು. ಗುಹೆ, ಗುಡಿಗಳ ಆವರಣದಲ್ಲೂ ಕಾಯ್ದಿಟ್ಟ ಅಡವಿಯಲ್ಲೂ ಏನನ್ನೂ ಕೀಳುವಂತಿಲ್ಲ. ತಂಗಡಿ, ಕೊಗ್ಗಿಯಂಥ ಹೇರಳ ಗಿಡಗಳನ್ನು ಹಳೆಯ ಪತ್ರಿಕೆಯ ನಡುವೆ ಹಾಸಿ, ಮೇಲೆ ಭಾರ ಇಟ್ಟು, ಮೊದಲ ವಾರ ದಿನವೂ ಕಾಗದ ಬದಲಿಸಿದರೆ ಬಣ್ಣ ಸ್ವಲ್ಪ ಉಳಿಯುತ್ತದೆ. ಎಲೆಗಳಲ್ಲಿ ಒಂದನ್ನು ಬೆನ್ನು ಮೇಲಾಗಿ ಹಾಸು, ಕೆಳಬದಿಯ ನರ ಆಮೇಲೆ ಬೇಕಾಗುತ್ತದೆ.

• ಕಲ್ಲು ಎತ್ತಿಸಬೇಡ, ಅಡಿಯಲ್ಲಿ ಚೇಳಿರುತ್ತದೆ. ಬುತ್ತಿಯನ್ನು ಕೈಯಲ್ಲಿ ಹಿಡಿದು ನಡೆಯಬೇಡಿ, ಬಾದಾಮಿಯ ಮಂಗಗಳು ಚೀಲ ಕಸಿಯುತ್ತವೆ. ಕೆಂಪು ಬಂಡೆ ಹತ್ತು ಗಂಟೆಗೇ ಕಾಯುತ್ತದೆ, ಅಷ್ಟರಲ್ಲಿ ನೆರಳಿಗೆ ಇಳಿದಿರಿ.

• ಕಾಣದ್ದನ್ನೂ ಬರೆಸು. ಹೋದ ವರ್ಷ ದಸರೆಗೆ ವಿಷ್ಣುಕ್ರಾಂತಿ ಇದ್ದ ಜಾಗದಲ್ಲಿ ಈ ವರ್ಷ ಇಲ್ಲ ಅಂದರೆ ಅದೂ ಒಂದು ಟಿಪ್ಪಣಿ. ಹಸ್ತ ಮಳೆ ಕೈಕೊಟ್ಟಿತೋ, ಅಲ್ಲಿ ರಸ್ತೆಯ ಮಣ್ಣು ಸುರಿದರೋ, ಬೇಸಿಗೆಯಲ್ಲಿ ಬೆಂಕಿ ಬಿದ್ದಿತ್ತೋ ಅಂತ ಪಕ್ಕದಲ್ಲಿ ದಾಖಲಾಗಲಿ. ಪ್ರತಿ ಗಿಡಕ್ಕೂ ಆ ವರ್ಷದ ಮೊದಲ ಹೂವಿನ ತಾರೀಖು, ಕೊನೆಯ ಹೂವಿನ ತಾರೀಖು, ಎರಡು ಮನೆ ಗೆರೆ ಹಾಕಿಡು. ಏಳನೆಯವರು ಶಾಲೆ ಬಿಟ್ಟು ಹೋಗುವಾಗ ವಹಿಯನ್ನು ಆರನೆಯವರ ಕೈಗೆ ಕೊಡಲಿ, ಪುಟದ ಮೇಲೆ ಬರೆದವರ ಹೆಸರಿರಲಿ. ಮೊದಲ ಪುಟಕ್ಕೆ ತಂಗಡಿಯನ್ನೇ ಹಾಕು, ಅದು ಯಾವ ಕಾಲದಲ್ಲಿ ಹೋದರೂ ಎಲ್ಲೋ ಒಂದು ಕೊಂಬೆಯಲ್ಲಿ ಹೂ ಇಟ್ಟುಕೊಂಡಿರುತ್ತದೆ, ಮಕ್ಕಳು ಬರಿಗೈಯಲ್ಲಿ ತಿರುಗುವುದಿಲ್ಲ.